ಲೈಬ್ರರಿ ಬಾಯಮ್ಮನ ಮನೆಯ ಈ ವರ್ಷದ ಕ್ರಿಸ್ಮಸ್

ಸ್ಪ್ರಿಂಕ್ಲರ್ ಜೆಟ್ ಬಿಚ್ಚಿ ತೊಳೆಯುವ ಕ್ರಮ ಬರೀತೇನೆ ಅಂದಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಈ ಸಲ ಕ್ರಿಸ್ಮಸ್ ವಿಷಯ. ಕೃಷಿ ಪೇಜಿನಲ್ಲಿ ಕ್ರಿಸ್ಮಸ್ ಎಂತಕ್ಕೆ ಮಾರಾಯ್ರೆ ಅಂತ ಕೇಳುವವರು ಸ್ವಲ್ಪ ಮುಂದೆ ಓದಿ. ಪಪ್ಪಾಯಿ ಬರ್ತದೆ, ಗೇರುಬೀಜ ಬರ್ತದೆ, ಕಡೆಗೆ ನಮ್ಮ ಕಟ್ಟದ ನೀರೂ ಬರ್ತದೆ.

ಲೈಬ್ರರಿ ಬಾಯಮ್ಮ ಯಾರು ಅಂತ ಊರವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ: ನಮ್ಮ ಪಂಚಾಯತ್ ಲೈಬ್ರರಿಯ ಮೇಲ್ವಿಚಾರಕಿ. ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ, ಬಾಯಮ್ಮ ಅನ್ನುವುದು, ಗಂಡಸರನ್ನು ಪೊರ್ಬುಗಳು ಅನ್ನುವುದು ನಮ್ಮ ಕಡೆಯ ವಾಡಿಕೆ. ಲೈಬ್ರರಿ 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಹೋಯಿತು, ಬೋರ್ಡಿನಲ್ಲಿ ಈಗ ಅರಿವು ಕೇಂದ್ರ ಅಂತ ಉಂಟು. ಆದರೆ ಅಲ್ಲಿಗೆ ಹೋಗುವ ಮಕ್ಕಳು ಇವತ್ತಿಗೂ "ಬಾಯಮ್ಮನಲ್ಲಿಗೆ ಹೋಗಿ ಬರ್ತೇನೆ" ಅಂತಲೇ ಹೇಳುವುದು. ಅವರ ಜಾಗ ನಮ್ಮ ತೋಟಕ್ಕೆ ತಾಗಿಕೊಂಡು, ತೋಡಿನ ಆಚೆ ಬದಿ. ಮದುವೆ ಆಗಲಿಲ್ಲ. ಅಮ್ಮನನ್ನು ನೋಡಿಕೊಂಡು ಊರಲ್ಲೇ ಉಳಿದವರು. ಅಣ್ಣ ಮುಂಬೈಯಲ್ಲಿ, ತಮ್ಮ ಗಲ್ಫಿನಲ್ಲಿ, ಅಕ್ಕ ಮಂಗಳೂರಿನಲ್ಲಿ.

ಅಮ್ಮ ಈ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮೊಂತಿ ಹಬ್ಬ ಕಳೆದು ಹತ್ತು ದಿನಕ್ಕೆ. ಸೆಪ್ಟೆಂಬರ್ 8ಕ್ಕೆ ಅವರಲ್ಲಿ ಹೊಸ ತೆನೆ ಆಶೀರ್ವಾದ ಮಾಡಿಸುವ ಹಬ್ಬ. ಇಗರ್ಜಿಗೆ ಬೇಕಾದ ಕದಿರು ಸುಮಾರು ವರ್ಷದಿಂದ ನಮ್ಮ ಗದ್ದೆಯಿಂದಲೇ ಹೋಗುವುದು. ಯಾಕೆಂದರೆ ಈ ಕಡೆ ಏಣಿಲು ಬೆಳೆಯುವವರು ಈಗ ನಾವು ನಾಲ್ಕು ಮನೆಯವರು ಮಾತ್ರ, ಉಳಿದ ಗದ್ದೆಯೆಲ್ಲ ಅಡಿಕೆ ಆಯಿತು. ಈ ವರ್ಷ ಕದಿರು ಕೊಡಲು ಹೋದಾಗ ಆ ಅಜ್ಜಿ ಚಾವಡಿಯಲ್ಲಿ ಕೂತು ಒಣದ್ರಾಕ್ಷಿಯ ತೊಟ್ಟು ತೆಗೀತಾ ಇದ್ದರು. ಕ್ರಿಸ್ಮಸ್ ಕೇಕಿಗೆ ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ ಎಲ್ಲ ಸಣ್ಣಗೆ ಕೊಚ್ಚಿ ಭರಣಿಯಲ್ಲಿ ರಮ್ ಹಾಕಿ ಮುಳುಗಿಸಿ ಇಡುವುದು. ಮೂರು ತಿಂಗಳು ಇಟ್ಟರೆ ಒಳ್ಳೆಯದಂತೆ.

ಸಾವು ಆದ ವರ್ಷ ಅವರ ಮನೆಯಲ್ಲಿ ಕುಸ್ವಾರ್ ಮಾಡುವುದಿಲ್ಲ. ಕುಸ್ವಾರ್ ಅಂದರೆ ಕ್ರಿಸ್ಮಸಿಗೆ ಮಾಡುವ ತಿಂಡಿಗಳ ಒಟ್ಟು ಹೆಸರು. ನೆವ್ರಿ, ಕುಕ್ಕಿಸಾಂ, ಗುಳಿಯೊ, ಕಿಡಿಯೊ, ಚಕ್ಕುಲಿ, ಅಕ್ಕಿ ಲಾಡು. ಕೊಂಕಣಿಯಲ್ಲಿ ಕಿಡಿಯೊ ಅಂದರೆ ಹುಳಗಳು. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕರಿದರೆ ಸಮಾ ಬೇರುಹುಳದ ಹಾಗೆ ಕಾಣ್ತದೆ. ಅಡಿಕೆ ಬುಡ ಅಗೆದವರಿಗೆ ಮೊದಲ ಸಲ ತಿನ್ಲಿಕ್ಕೆ ಸ್ವಲ್ಪ ಮನಸ್ಸು ಹಿಂಜರಿಯುತ್ತದೆ, ಒಂದು ತಿಂದ ಮೇಲೆ ತೊಂದರೆ ಇಲ್ಲ.

ನವೆಂಬರ್ ಕೊನೆಗೆ ಬಾಯಮ್ಮ ನಮ್ಮ ಮನೆಗೆ ಬಂದು, "ಈ ವರ್ಷ ಎಂತದೂ ಇಲ್ಲ ಅಣ್ಣ. ನಕ್ಷತ್ರ ಒಂದು ತೂಗಾಡಿಸ್ತೇನೆ, ಅಷ್ಟೇ" ಅಂದರು. ನಮ್ಮ ಮನೆಯವಳು ಕೇಳಿದಳು, "ಹಾಗಾದರೆ ಭರಣಿಯಲ್ಲಿ ಅಮ್ಮ ಹಾಕಿಟ್ಟದ್ದು?"

ಬಾಯಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದೇ ನೋಡಿ ಅಕ್ಕ. ಅದನ್ನು ಬಿಸಾಡ್ಲಿಕ್ಕೆ ಆಗ್ತದಾ" ಅಂದರು.

ಹಾಗೆ ಒಂದು ಕೇಕ್ ಮಾಡುವುದು ಅಂತ ತೀರ್ಮಾನ ಆಯಿತು. ಒಂದು ಅಂತ ಹೇಳಿದ್ದು ಕಡೆಗೆ ನಾಲ್ಕು ಆಯಿತು, ಅದು ಬೇರೆ.

ಈಗ ಪಪ್ಪಾಯಿ. ಕೇಕಿನಲ್ಲಿ, ಬನ್ನಿನಲ್ಲಿ ಕೆಂಪು ಹಸಿರು ಚೂರು ಸಿಗ್ತದಲ್ಲ, ಟೂಟಿ ಫ್ರೂಟಿ, ಅದು ಯಾವ ಹಣ್ಣು ಅಂತ ನಮ್ಮ ಎಷ್ಟೋ ಜನರಿಗೆ ಗೊತ್ತಿಲ್ಲ. ಅದು ಹಸಿ ಪಪ್ಪಾಯಿ. ನಮ್ಮಲ್ಲಿ ಗಾಳಿಗೆ ಬಿದ್ದದ್ದು, ಮಂಗ ಅರ್ಧ ಕಚ್ಚಿ ಬಿಟ್ಟದ್ದು ಗೊಬ್ಬರದ ಗುಂಡಿಗೆ ಹೋಗುವ ಪಪ್ಪಾಯಿಯೇ. ಬಾಯಮ್ಮ ಪ್ರತಿ ವರ್ಷ ನಮ್ಮಿಂದ ಎರಡು ಕಾಯಿ ಕೊಂಡುಹೋಗುವುದು ಇದಕ್ಕೆ. ಈ ಸಲ ಅವರಿಗೆ ಹುರುಪು ಇರಲಿಲ್ಲ, ನಮ್ಮ ಮನೆಯವಳೇ ಅವರಿಂದ ಕೇಳಿಕೊಂಡು ಮಾಡಿದಳು. ಸಿಪ್ಪೆ ಒಳಗೆ ಬೆಳ್ಳಗೆ ಇರುವ ಗಟ್ಟಿ ಕಾಯಿ ಆಗಬೇಕು, ಬಣ್ಣ ತಿರುಗಿದರೆ ಬೇಯುವಾಗ ಕರಗಿ ಹೋಗ್ತದೆ. ಸಿಪ್ಪೆ, ಬೀಜ ತೆಗೆದು ಕಡಲೆ ಗಾತ್ರಕ್ಕೆ ಕೊಚ್ಚಿ, ನೀರಲ್ಲಿ ಸ್ವಲ್ಪ ಹೊತ್ತು ಬೇಯಿಸಿ, ಚೂರು ಕನ್ನಡಿಯ ಹಾಗೆ ಆಗ್ತಾ ಬರುವಾಗ ಸೋಸುವುದು. ಒಂದು ಕೆಜಿ ಚೂರಿಗೆ ಅರ್ಧ ಕೆಜಿ ಸಕ್ಕರೆಯ ಪಾಕ. ಒಂದೆಳೆ ಬರುವವರೆಗೆ ಸಣ್ಣ ಬೆಂಕಿಯಲ್ಲಿ ಇಟ್ಟು, ರಾತ್ರಿ ಪಾಕದಲ್ಲೇ ಬಿಟ್ಟು, ಮಾರನೇ ದಿನ ಹರಡಿ ಒಣಗಿಸುವುದು. ಅಂಗಡಿಯದ್ದಕ್ಕೆ ಬಣ್ಣ ಹಾಕ್ತಾರೆ. ನಮ್ಮವಳು ಅರ್ಧಕ್ಕೆ ಬೀಟ್‌ರೂಟ್ ರಸ ಹಾಕಿದಳು, ಅರ್ಧ ಹಾಗೇ ಬಿಟ್ಟಳು. ಮನೆಯಲ್ಲಿ ಪಪ್ಪಾಯಿ ಇರುವವರು ಒಮ್ಮೆ ಮಾಡಿ ನೋಡಿ.

ಗೇರುಬೀಜದ ವಿಷಯ ಇನ್ನೂ ಸ್ವಲ್ಪ ಹೊಟ್ಟೆ ಉರಿಯುವಂಥದ್ದು. ಏಪ್ರಿಲ್‌ನಲ್ಲಿ ಹೆಕ್ಕಿ ಒಣಗಿಸಿ ನಾವು ಬೀಜವನ್ನು ಕೊಡುವುದು ಒಂದು ರೇಟಿಗೆ, ಡಿಸೆಂಬರಿನಲ್ಲಿ ತಿರುಳನ್ನು ತೆಗೆದುಕೊಳ್ಳುವ ರೇಟು ಕೇಳಿದರೆ ತಲೆ ತಿರುಗುತ್ತದೆ. ಒಂದು ಕೆಜಿ ಬೀಜ ಒಡೆದರೆ ಸಿಗುವುದು ಕಾಲು ಕೆಜಿ, ಒಳ್ಳೆ ತಳಿ ಆದರೆ ಇನ್ನೂ ಸ್ವಲ್ಪ ಹೆಚ್ಚು. ಆ ಲೆಕ್ಕ ಹಿಡಿದರೂ ನಡುವೆ ಹೋಗುವ ದುಡ್ಡು ಸಣ್ಣದಲ್ಲ. ಅದಕ್ಕೆ ನಾವು ಮೂರು ವರ್ಷದಿಂದ ಹತ್ತು ಕೆಜಿ ಬೀಜ ಮಾರದೆ ಉಳಿಸಿಕೊಳ್ತೇವೆ. ನಮ್ಮದು ಉಳ್ಳಾಲ ತಳಿಯ ಹದಿನಾಲ್ಕು ಮರ, ಪುತ್ತೂರಿನ ಗೇರು ಸಂಶೋಧನಾ ಕೇಂದ್ರದ ಭಾಸ್ಕರ ಗಿಡ ನಾಲ್ಕು. ಸುಟ್ಟು ಒಡೆಯುವಾಗ ಕೈಗೆ ತೆಂಗಿನೆಣ್ಣೆ ಹಚ್ಚಿ, ಬೂದಿ ಮುಟ್ಟಿಕೊಂಡು ಮಾಡಬೇಕು. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಏಳುತ್ತದೆ. ಈ ಸಲ ಬಾಯಮ್ಮನ ಕೇಕಿಗೆ ಮುಕ್ಕಾಲು ಕೆಜಿ ತಿರುಳು ನಮ್ಮ ಲೆಕ್ಕದಲ್ಲಿ ಹೋಯಿತು. ಅದು ನಮ್ಮ ಕ್ರಿಸ್ಮಸ್ ಉಡುಗೊರೆ. ಪೇಪರ್ ಸುತ್ತುವುದು, ರಿಬ್ಬನ್ ಕಟ್ಟುವುದು ಎಲ್ಲ ನಮಗೆ ಗೊತ್ತಿಲ್ಲ, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿ ಕೊಟ್ಟದ್ದು.

ಗೇರು ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು ಅಂತ ಗೊತ್ತೇ ಉಂಟಲ್ಲ. ಕೇಕೂ ಗೇರೂ ಕರಾವಳಿಯಲ್ಲಿ ಹಳೆಯ ಸಂಬಂಧಿಕರು. ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಅನ್ನುವವರು 1883ರಲ್ಲಿ ಒಬ್ಬ ಬಿಳಿಯ ತೋಟಗಾರನಿಗೆ ಕ್ರಿಸ್ಮಸ್ ಕೇಕ್ ಮಾಡಿಕೊಟ್ಟರು, ಫ್ರೆಂಚ್ ಬ್ರಾಂಡಿಯ ಬದಲು ಗೇರುಹಣ್ಣಿನ ಶರಾಬು ಹಾಕಿದರು ಅಂತ ಒಂದು ಕಥೆ ಉಂಟು. ಬಾಯಮ್ಮ ಹೇಳಿದ್ದು. ಅವರ ಹತ್ತಿರ ಇಂಥದ್ದು ಎಷ್ಟೂ ಸಿಗ್ತದೆ.

ಕೇಕ್ ಸುಟ್ಟದ್ದು 21ಕ್ಕೆ. ಅವರಲ್ಲಿ ಕರೆಂಟಿನ ಓವನ್ ಉಂಟು, ತಮ್ಮ ತಂದುಕೊಟ್ಟದ್ದು. ಆದರೆ ಡಿಸೆಂಬರಿನಲ್ಲಿ ಎಲ್ಲರ ಪಂಪು ಶುರುವಾದ ಮೇಲೆ ನಮ್ಮ ಲೈನಿನ ವೋಲ್ಟೇಜ್ ಹೇಗೆ ಅಂತ ನಿಮಗೆ ಗೊತ್ತು. ಅರ್ಧ ಬೆಂದು ಕೂತರೆ ಮುಗೀತು. ಅದಕ್ಕೆ ಅಮ್ಮನ ಕ್ರಮವೇ ಹಿಡಿದರು. ದೊಡ್ಡ ಪಾತ್ರೆಯ ಅಡಿಗೆ ಎರಡು ಬೆರಳು ಹೊಯಿಗೆ, ಅದರ ಮೇಲೆ ಕೇಕಿನ ಡಬ್ಬ, ಮೇಲೆ ತಗಡಿನ ಮುಚ್ಚಳ, ಮುಚ್ಚಳದ ಮೇಲೂ ಕೆಂಡ. ಕೆಂಡಕ್ಕೆ ತೆಂಗಿನ ಗೆರಟೆಯೇ ಆಗಬೇಕು, ಮರದ ಕೆಂಡ ಬೇಗ ಬೂದಿ ಆಗ್ತದೆ. ಕೆಳಗೆ ಕಡಿಮೆ, ಮೇಲೆ ಹೆಚ್ಚು. ಒಂದೂಕಾಲು ಗಂಟೆ ನಾನು ಕೆಂಡ ನೋಡಿಕೊಂಡು ಕೂತದ್ದು, ಒಳಗೆ ಹೆಂಗಸರು ಬೆಣ್ಣೆ ಸಕ್ಕರೆ ಕಡೆಯುವುದು. ಒಂದೇ ದಿಕ್ಕಿಗೆ ಕಡೆಯಬೇಕಂತೆ, ತಿರುಗಿಸಿದರೆ ಆಗುವುದಿಲ್ಲವಂತೆ. ಎಂತಕ್ಕೆ ಅಂತ ಕೇಳಿದೆ, ಉತ್ತರ ಸಿಗಲಿಲ್ಲ. ಊರ ಕೋಳಿ ಮೊಟ್ಟೆ ನಮ್ಮದು. ಸಣ್ಣ ಇರುವ ಕಾರಣ ಫಾರಂ ಮೊಟ್ಟೆ ಎಂಟು ಹೇಳಿದಲ್ಲಿ ಹತ್ತು ಹಾಕಬೇಕು. ಕೇಕಿನ ಕಂದು ಬಣ್ಣ ಸುಟ್ಟ ಸಕ್ಕರೆಯದ್ದು, ಅದನ್ನು ಕಪ್ಪಾಗುವ ಒಂದು ಕ್ಷಣ ಮೊದಲು ಇಳಿಸಬೇಕು. ನಮ್ಮ ಬೆಲ್ಲದ ಪಾಕದ ಹಾಗೆಯೇ, ಆಚೆ ಈಚೆ ನೋಡ್ಲಿಕ್ಕಿಲ್ಲ.

ಭರಣಿ ತೆಗೆದಾಗ ಆ ಮನೆಯ ವಾಸನೆಯೇ ಬದಲಾಯಿತು. ಬಾಯಮ್ಮ ಅಡುಗೆ ಕೋಣೆಯಿಂದ ಹಿತ್ತಲಿಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮುಖ ತೊಳೆದು ಬಂದರು. ನಾವು ಯಾರೂ ಏನೂ ಕೇಳಲಿಲ್ಲ.

ನಾಲ್ಕು ಕೇಕಿನಲ್ಲಿ ಒಂದು ಮನೆಗೆ, ಒಂದು ನಮಗೆ, ಒಂದು ಇಗರ್ಜಿಯ ಪಾದ್ರಿಗಳಿಗೆ, ಒಂದು ಲೈಬ್ರರಿಯ ಮಕ್ಕಳಿಗೆ. ಈ ಮಕ್ಕಳ ವಿಷಯ ಹೇಳಬೇಕು. ಓದುವ ಬೆಳಕು ಅಂತ ಸರ್ಕಾರದ ಕಾರ್ಯಕ್ರಮ 2020ರಲ್ಲಿ ಶುರುವಾಯಿತು, ಮಕ್ಕಳಿಗೆ ಲೈಬ್ರರಿ ಸದಸ್ಯತ್ವ ಉಚಿತ. ಕೊರೊನಾದಲ್ಲಿ ಶಾಲೆ ಇಲ್ಲದ ಸಮಯ. ಆಗ ಬಂದು ಸೇರಿದ ಮಕ್ಕಳಲ್ಲಿ ಹತ್ತು ಹನ್ನೆರಡು ಜನ ಇನ್ನೂ ಬರುತ್ತಾರೆ, ಅವರ ತಂಗಿ ತಮ್ಮಂದಿರೂ ಬರುತ್ತಾರೆ. ವರ್ಷದಲ್ಲಿ ಹೆಚ್ಚು ಓದಿದ ಆರು ಮಕ್ಕಳಿಗೆ ಬಾಯಮ್ಮ ಕ್ರಿಸ್ಮಸಿಗೆ ಒಂದೊಂದು ಪುಸ್ತಕ ಕೊಡ್ತಾರೆ. ಲೈಬ್ರರಿಯದ್ದಲ್ಲ, ತನ್ನ ದುಡ್ಡಿನದ್ದು. ನ್ಯಾಷನಲ್ ಬುಕ್ ಟ್ರಸ್ಟಿನ ಕಡಿಮೆ ಬೆಲೆಯ ಪುಸ್ತಕ, ಇಲ್ಲದಿದ್ದರೆ ಮಂಗಳೂರಿನ ಅಂಗಡಿಯಿಂದ ಆರಿಸಿ ತಂದದ್ದು. ಹಳೆ ಕ್ಯಾಲೆಂಡರಿನ ಹಾಳೆಯಲ್ಲಿ ಬೈಂಡು ಹಾಕಿ, ಒಳಗೆ ಮಗುವಿನ ಹೆಸರು. ಅವರ ಸಂಬಳ ಎಷ್ಟು ಅಂತ ಗೊತ್ತಿದ್ದವರಿಗೆ ಈ ಆರು ಪುಸ್ತಕದ ಭಾರ ಗೊತ್ತಾಗ್ತದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗನಿಗೆ ಈ ಸಲ ತೇಜಸ್ವಿಯವರ ಕರ್ವಾಲೊ. ಅದರಲ್ಲೂ ಒಬ್ಬ ರೈತ, ಒಬ್ಬ ಕ್ರಿಶ್ಚಿಯನ್ ವಿಜ್ಞಾನಿ. ನನಗೆ ಅವರು ಅದನ್ನು ಓದ್ಲಿಕ್ಕೆ ಕೊಟ್ಟು ಇಪ್ಪತ್ತು ವರ್ಷ ಆಗಿರಬಹುದು. ಹಾರುವ ಓತಿ ನಮ್ಮ ಅಡಿಕೆ ಮರದಲ್ಲೂ ಉಂಟು ಅಂತ ಅದನ್ನು ಓದಿದ ಮೇಲೆಯೇ ನಾನು ತಲೆ ಎತ್ತಿ ನೋಡಿದ್ದು.

ಗೋದಲಿಗೆ ಹಸಿರು ಬೇಕಲ್ಲ, ಅದನ್ನು ಈ ಮಕ್ಕಳೇ ಮಾಡಿದರು. ನಮ್ಮ ಎಂಒ 4 ಭತ್ತ ಒಂದು ಪಾವು, ರಾಗಿ ಒಂದು ಮುಷ್ಟಿ. ಒಂದು ರಾತ್ರಿ ನೀರಲ್ಲಿ ಹಾಕಿ, ಗೋಣಿಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಮಣ್ಣು ಹಾಕಿದ ಹಾಳೆ ಬಟ್ಟಲಲ್ಲಿ ಬಿತ್ತಿದ್ದು. ಡಿಸೆಂಬರಿನ ಚಳಿಗೆ ನಿಧಾನ ಬರ್ತದೆ, ಹಾಗಾಗಿ 11ಕ್ಕೇ ಬಿತ್ತಿಸಿದೆ. 24ಕ್ಕೆ ನಾಲ್ಕು ಬೆರಳು ಎತ್ತರ, ಒಳ್ಳೆ ನೇಜಿಯ ಹಾಗೆ. ರಾಗಿ ಇನ್ನೂ ಚಂದ, ಸಪೂರ ಹುಲ್ಲಿನ ಹಾಗೆ. ಬೈಹುಲ್ಲು ಈ ವರ್ಷದ್ದೇ. ಮಕ್ಕಳು ಗೋದಲಿಯ ಬದಿಯಲ್ಲಿ ಮಣ್ಣಿನದೊಂದು ಸಣ್ಣ ತೋಡು ಮಾಡಿ, ಅದಕ್ಕೆ ಅಡ್ಡ ಒಂದು ಕಟ್ಟವನ್ನೂ ಕಟ್ಟಿದ್ದರು! ಬೆತ್ಲೆಹೆಮಿನಲ್ಲಿ ಕಟ್ಟ ಇತ್ತೋ ಇಲ್ಲವೋ, ನಮ್ಮೂರ ಮಕ್ಕಳಿಗೆ ತೋಡು ಅಂದ ಮೇಲೆ ಕಟ್ಟ ಬೇಕೇ ಬೇಕು.

ಆ ಕಟ್ಟದ ವಿಷಯಕ್ಕೇ ಬರ್ತೇನೆ.

25ಕ್ಕೆ ಬೆಳಿಗ್ಗೆ ಹತ್ತೂವರೆಗೆ ನಾವಿಬ್ಬರು ಹೋದೆವು. ಹಾಡು ಗೌಜಿ ಏನೂ ಇರಲಿಲ್ಲ, ಅಂಗಳದಲ್ಲಿ ಒಂದು ನಕ್ಷತ್ರ, ಒಳಗೆ ಅಮ್ಮನ ಫೋಟೋದ ಎದುರು ಒಂದು ಮೇಣದ ಬತ್ತಿ. ಆದರೆ ಮೇಜಿನ ಮೇಲೆ ಏಳು ತಟ್ಟೆ ಕುಸ್ವಾರ್! ಮಾಡದ ಮನೆಗೆ ಅಕ್ಕಪಕ್ಕದವರು ಕಳಿಸಿದ್ದು. "ನಾವು ಮಾಡುತ್ತಿದ್ದರೆ ಇಷ್ಟು ಬಗೆ ಆಗ್ತಿರಲಿಲ್ಲ" ಅಂತ ಬಾಯಮ್ಮ ನಗಾಡಿದರು. ಮುಂಬೈಯ ಅಣ್ಣ ಬಂದಿದ್ದರು, ಮಂಗಳೂರಿನ ಅಕ್ಕನೂ ಇದ್ದರು. ಸಣ್ಣಾಂ ಕೊಟ್ಟರು, ನಮಗೆ ಕೋಳಿ ಬೇರೆಯೇ ಮಾಡಿಟ್ಟಿದ್ದರು.

ಊಟದ ಮೊದಲು ಆ ಅಣ್ಣನೇ ಮಾತು ತೆಗೆದದ್ದು. ಒಬ್ಬ ಬ್ರೋಕರ್ ಎರಡು ಸಲ ಬಂದಿದ್ದಾನೆ, ಒಂದೆಕರೆ ಇಪ್ಪತ್ತು ಸೆಂಟ್ಸಿಗೆ ಒಳ್ಳೆ ರೇಟು ಹೇಳುತ್ತಾನೆ, ತಂಗಿ ಒಬ್ಬಳೇ ಇಲ್ಲಿ ಎಷ್ಟು ದಿನ ಅಂತ ಇರುವುದು, ಮಂಗಳೂರಿನಲ್ಲಿ ಅಕ್ಕನ ಹತ್ತಿರ ಒಂದು ಫ್ಲ್ಯಾಟ್ ಮಾಡಿಕೊಟ್ಟರೆ ನಮಗೂ ನೆಮ್ಮದಿ ಅಂತ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ದೂರದಲ್ಲಿ ಇರುವವರಿಗೆ ರಾತ್ರಿ ಫೋನ್ ಬಂದರೆ ಎದೆ ಹೊಡ್ಕೊಳ್ತದೆ, ನನ್ನ ಮಗಳೂ ಬೆಂಗಳೂರಿನಿಂದ ನಮಗೆ ಅದನ್ನೇ ಹೇಳುವುದು.

ಬಾಯಮ್ಮ ಒಂದೇ ಮಾತು ಅಂದರು. "ಲೈಬ್ರರಿಗೆ ಬಿ.ಸಿ.ರೋಡಿನಿಂದ ಬಸ್ಸಲ್ಲಿ ಬರ್ಲಿಕ್ಕೆ ನನಗೆ ಆಗ್ತದೆ. ಆದರೆ ಬಸ್ಸಿನಲ್ಲಿ ಬಂದು ಹೋಗುವವಳ ಹತ್ತಿರ ರಾತ್ರಿ ಏಳು ಗಂಟೆಗೆ ಯಾವ ಮಗು ಪುಸ್ತಕ ಕೇಳಿಕೊಂಡು ಬರ್ತದೆ?"

ಅವರ ಕಾನೂನು ನಮ್ಮ ಹಾಗಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅಪ್ಪ ಮೊದಲೇ ಇಲ್ಲ, ಅಮ್ಮ ವೀಲುನಾಮೆ ಬರೆದಿಲ್ಲ, ಹಾಗಾಗಿ ನಾಲ್ಕು ಮಕ್ಕಳಿಗೂ ಸಮ ಪಾಲು, ಗಂಡು ಹೆಣ್ಣು ಭೇದ ಇಲ್ಲ. ಮನೆಯಲ್ಲಿ ಉಳಿದು ಅಮ್ಮನ ಮಲಮೂತ್ರ ತೆಗೆದವರಿಗೆ ಹೆಚ್ಚು ಅಂತಲೂ ಇಲ್ಲ. ನಮ್ಮ ಅಳಿಯಕಟ್ಟಿನ ಕೇಸುಗಳನ್ನು ನೋಡಿ ನೋಡಿ ಸಾಕಾದವನು ನಾನು, ಇದು ಎಷ್ಟೋ ಸರಳ. ಸರಳ ಆದ ಮಾತ್ರಕ್ಕೆ ಸುಲಭ ಅಲ್ಲ.

ಕಾಫಿ ಆದ ಮೇಲೆ ಬಾಯಮ್ಮ ನಮ್ಮ ಉಡುಗೊರೆ ತಂದರು. ನಮ್ಮವಳಿಗೆ ಒಂದು ಸ್ವೆಟರು, ಅವರೇ ಹೆಣೆದದ್ದು. ನನಗೆ ಒಂದು ಕಂದು ಲಕೋಟೆ. ನಾನು ಡೈರಿ ಇರಬಹುದು ಅಂದುಕೊಂಡೆ, ಪ್ರತಿ ವರ್ಷ ಹಾಗೆಯೇ. ತೆಗೆದು ನೋಡಿದರೆ ಎಂಟು ಹಾಳೆ ಕೈಬರಹ, ಹಿಂದೆ ಜೆರಾಕ್ಸ್. ಅವರ ಅಪ್ಪ ವರ್ಷ ವರ್ಷದ ಡೈರಿಯಲ್ಲಿ ಮಳೆ, ಅಡಿಕೆ ಕೊಯಿಲು, ಕೂಲಿ ಎಲ್ಲ ಬರೆದಿಡುತ್ತಿದ್ದರು. ಅದರಿಂದ ಕಟ್ಟದ ದಿನಗಳನ್ನು ಮಾತ್ರ ಹೆಕ್ಕಿ ಬಾಯಮ್ಮ ನಕಲು ಮಾಡಿದ್ದಾರೆ. 1974ರಿಂದ ಶುರು. ಯಾವ ತಾರೀಕಿಗೆ ಕಟ್ಟ ಕಟ್ಟಿದ್ದು, ಯಾವ ಯಾವ ಮನೆಯಿಂದ ಎಷ್ಟು ಜನ, ಇವರ ಜಾಗದ ಕಣಿಯಲ್ಲಿ ನಮ್ಮ ನಾಲ್ಕು ಮನೆಗೆ ನೀರು ಯಾವಾಗ ಬಿಟ್ಟದ್ದು. ನನ್ನ ಅಪ್ಪನ ಹೆಸರು ಹದಿನೇಳು ಕಡೆ ಉಂಟು. ಅಪ್ಪ ತೀರಿಹೋದ ವರ್ಷ ಅವರ ಬದಲು ನನ್ನ ಹೆಸರು, ಪಕ್ಕದಲ್ಲಿ "ಹುಡುಗ ಕೆಲಸ ಮಾಡುತ್ತಾನೆ" ಅಂತ.

ಕಡೆಯ ಹಾಳೆಯಲ್ಲಿ 1882ರ ಈಸ್‌ಮೆಂಟ್ ಕಾಯ್ದೆಯ ಒಂದು ಭಾಗ, ಕನ್ನಡದಲ್ಲಿ ಬರೆದು. 20 ವರ್ಷ ತಡೆ ಇಲ್ಲದೆ, ಶಾಂತಿಯಿಂದ, ಹಕ್ಕು ಅಂತ ಹೇಳಿ ಬಳಸಿಕೊಂಡು ಬಂದ ನೀರಿನ ದಾರಿಗೆ ಹಕ್ಕು ಬರ್ತದೆ. ಇಲ್ಲಿ ಒಂದು ಸೂಕ್ಷ್ಮ ಉಂಟು, ಎಲ್ಲರೂ ಗಮನಿಸಿ. ದಾಕ್ಷಿಣ್ಯಕ್ಕೆ, ಕೇಳಿಕೊಂಡು, ಅನುಮತಿಯಲ್ಲಿ ಬಳಸಿದ್ದಕ್ಕೆ ಈ ಹಕ್ಕು ಬರುವುದಿಲ್ಲ. ಹಾಗಾಗಿ ನಮ್ಮದು ಯಾವುದು ಅನ್ನುವುದು ಬರೆದದ್ದರ ಮೇಲೆ ನಿಲ್ಲುತ್ತದೆ. ಬಾಯಿಮಾತಿನಲ್ಲಿ ನಡೆದು ಬಂದ ಕಣಿ, ದಾರಿ ಇರುವವರು ಜಾಗ ಕೈ ಬದಲಾಗುವ ಮೊದಲೇ ಕಾಗದ ನೋಡಿಕೊಳ್ಳಿ. ಹಳೆ ದಸ್ತಾವೇಜಿನಲ್ಲಿ "ನೀರು ದಾರಿ ಮಾಮೂಲು ಹಕ್ಕು ಸಹಿತ" ಅಂತ ಒಂದು ಗೆರೆ ಇದ್ದರೂ ಅದಕ್ಕೆ ಬೆಲೆ ಉಂಟು.

ನಾನು ಅಣ್ಣನ ಮುಖ ನೋಡಿದೆ. ಇದು ಅವರ ಜಾಗದ ರೇಟನ್ನು ಇಳಿಸುವ ಕಾಗದ. ಬಾಯಮ್ಮ ಅವರೆದುರೇ ಹೇಳಿದರು, "ಮಾರುವುದು ಬಿಡುವುದು ನಾವು ನಾಲ್ಕು ಜನ ಸೇರಿ ನೋಡುವುದು. ನಾನು ಮಾತ್ರ ನನ್ನ ಪಾಲು, ಈ ಮನೆಯ ಬದಿಯದ್ದು, ಇಟ್ಟುಕೊಳ್ತೇನೆ ಅಂತ ಹೇಳುವವಳು. ಆದರೆ ಯಾರಿಗೆ ಹೋದರೂ ಕಣಿಯ ವಿಷಯ ಕಾಗದದಲ್ಲಿ ಬರ್ಲೇಬೇಕು. ಅಪ್ಪ ಬರೆದದ್ದನ್ನು ನಾನು ಮುಚ್ಚಿಡ್ಲಿಕ್ಕೆ ಆಗುವುದಿಲ್ಲ."

ಅಣ್ಣ ಲಕೋಟೆ ತೆಗೆದುಕೊಂಡು ಕನ್ನಡಕ ಹಾಕಿ ಪೂರ್ತಿ ಓದಿದರು. ಒಂದು ಕಡೆ ನಿಂತು, "1981ರಲ್ಲಿ ನಾನೂ ಇದ್ದೆ ಈ ಕೆಲಸಕ್ಕೆ, ಕಾಲಿಗೆ ಗಾಜು ಹೊಕ್ಕಿತ್ತು" ಅಂದರು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಅಕ್ಕ ಕೇಕ್ ಕೊಯ್ದು ಕೊಟ್ಟರು. ಕೇಕ್ ಒಳ್ಳೆಯದಾಗಿತ್ತು. ಅಡಿಯಲ್ಲಿ ಒಂದು ಬದಿ ಸ್ವಲ್ಪ ಕರಿದಿತ್ತು, ಗೆರಟೆ ಕೆಂಡದ ಬಿಸಿ ಹಾಗೇ.

ಗಲ್ಫಿನ ತಮ್ಮ ಜನವರಿಯಲ್ಲಿ ರಜೆಗೆ ಬರುತ್ತಾನಂತೆ, ಆಗ ನಾಲ್ಕು ಜನ ಕೂರುತ್ತಾರಂತೆ. ಬ್ರೋಕರಿಗೆ ಅಲ್ಲಿವರೆಗೆ ಬರಬೇಡ ಅಂತ ಹೇಳಿದ್ದಾರೆ. ಕಾಗದದ ಒಂದೊಂದು ಪ್ರತಿ ಉಳಿದ ಮೂರು ಮನೆಗೂ ಮಾಡಿಸಿದ್ದೇನೆ, ಬಂದು ತೆಗೆದುಕೊಂಡು ಹೋಗಿ. ಈ ಬರಹವನ್ನು ಬಾಯಮ್ಮನಿಗೆ ಓದಿ ತೋರಿಸಿಯೇ ಹಾಕಿದ್ದು. ಮಲಮೂತ್ರದ ಮಾತು ತೆಗೀರಿ ಅಂದರು, ನಾನು ತೆಗೆಯಲಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಕಟ್ಟದ ಕೆಲಸ. ಮನೆಗೆ ಇಬ್ಬರಂತೆ ಬನ್ನಿ, ಖಾಲಿ ಗೋಣಿ ಇದ್ದವರು ತನ್ನಿ, ಹೋದ ವರ್ಷದ್ದು ಗೆದ್ದಲು ತಿಂದು ಹೋಗಿದೆ. ಮುಂಬೈಯ ಅಣ್ಣ ಹೊಸ ವರ್ಷ ಕಳೆದೇ ಹೋಗುವುದಂತೆ, ಅವರೂ ಬರ್ತೇನೆ ಅಂದಿದ್ದಾರೆ. ಚಾ ಬಾಯಮ್ಮನಲ್ಲಿ. ಚಕ್ಕುಲಿ ಇನ್ನೂ ಎರಡು ಡಬ್ಬ ಉಂಟಂತೆ.